ಇಪ್ಪತ್ತೆರಡು ಕಿಲೋಮೀಟರ್ ಹಿಂದೆ

ಬೆಳಿಗ್ಗೆ ಗ್ಯಾರೇಜಿನ ಷಟರ್ ಎತ್ತುವ ಮೊದಲು ಮೇಸ್ತ್ರಿ ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದರು. ಅದು ನಲವತ್ತು ವರ್ಷದ ಅಭ್ಯಾಸ. ಊರಿನವರು ಅವರನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ತಲೆ ಓರೆ ಮಾಡಿ, ಇಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಏನು ಕೆಟ್ಟಿದೆಯೆಂದು ಹೇಳಿಬಿಡುತ್ತಿದ್ದರು. ಈಚೆಗೆ ಮಾತ್ರ ಗಿರಾಕಿಗಳಿಗೆ ಆ ಕಿವಿ ಬೇಕಾಗುತ್ತಿರಲಿಲ್ಲ.

"ಸೊಸೆ ಇಲ್ವಾ ಮೇಸ್ತ್ರೀ?" ಆ ದಿನ ಕಾರಿನಿಂದ ಇಳಿಯುತ್ತಲೇ ನರ್ಸಮ್ಮ ಕೇಳಿದರು. ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿಬರುವ ಹೆಂಗಸು. ಕಾರು ನಿಂತರೆ ಅವರ ಕೆಲಸವೂ ನಿಂತಂತೆ.

"ಸಾಮಾನು ತರೋಕೆ ಹೋಗಿದಾಳೆ. ಯಾಕೆ, ನಾನು ಆಗಲ್ವಾ?"

"ಅಯ್ಯೋ, ಹಾಗಲ್ಲ. ಇಂಜಿನ್ ದೀಪ ಹತ್ಕೊಂಡು ಕೂತಿದೆ. ಒಂದೆರಡು ಸಲ ದಾರೀಲಿ ತಾನಾಗೇ ಆಫ್ ಆಯ್ತು. ಇದೆಲ್ಲ ಅವಳ ಸ್ಕ್ಯಾನರಿಗೇ ಗೊತ್ತಾಗೋದು. ಈ ವಯಸ್ಸಲ್ಲಿ ನಿಮಗ್ಯಾಕೆ ತೊಂದರೆ?" ಎಂದವರು ಫೋನು ಬಂತೆಂದು ಹೊರಗೆ ಹೋದರು.

ಆ ಮಾತು ಮೇಸ್ತ್ರಿಯ ಎದೆಯೊಳಗೆ ಮುಳ್ಳಾಗಿ ಮುರಿದುಕೊಂಡಿತು. ಕಾರಿನ ಕಂಪ್ಯೂಟರು ಬರೆದಿಡುವ ದೋಷದ ಕೋಡನ್ನು ಓದುವ ಆ ಸ್ಕ್ಯಾನರನ್ನು ತಂದವನು ಅವರ ಮಗ. ಎರಡು ವರ್ಷದ ಹಿಂದೆ, ಐದೇ ದಿನದ ಜ್ವರದಲ್ಲಿ, ಅವನು ಹೋಗಿಬಿಟ್ಟ. ಮೂರು ತಿಂಗಳು ಮೂಲೆ ಹಿಡಿದು ಕೂತಿದ್ದ ಸೊಸೆ ಒಂದು ದಿನ ಆ ಸ್ಕ್ಯಾನರ್ ಹಿಡಿದು ಗ್ಯಾರೇಜಿಗೆ ಬಂದು ನಿಂತಳು. ಮೇಸ್ತ್ರಿ ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮಗನ ಹತಾರಗಳ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ಒಂದು ಸ್ಪ್ಯಾನರ್ ಬೇಕಾದರೂ ಅವಳು ಬಂದು "ಮಾವ" ಎಂದು ನಿಲ್ಲಬೇಕು. ಕೊಡುತ್ತಿದ್ದರು, ಸ್ವಲ್ಪ ಕಾಯಿಸಿ.

ಜನ ಅವಳನ್ನು ಹೊಗಳಿದಾಗಲೆಲ್ಲ ತಮ್ಮ ಮಗನನ್ನು ಮರೆಯುತ್ತಿದ್ದಾರೆ ಎಂದು ಅವರಿಗೆ ಸಂಕಟವಾಗುತ್ತಿತ್ತು. ಹಾಗೆಂದು ಅವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಸ್ಕ್ಯಾನರ್ ಮೇಜಿನ ಮೇಲಿತ್ತು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರು. ಒಂದು ಅಕ್ಷರ, ನಾಲ್ಕು ಅಂಕಿ ಮೂಡಿದವು. ಅರ್ಥ ತಿಳಿಯದು. ಅವರಿಗೆ ಗೊತ್ತಿದ್ದದ್ದು ಒಂದೇ ಗುಂಡಿ. "ಅಪ್ಪಾ, ಇದನ್ನ ಒತ್ತಿದ್ರೆ ಕೋಡ್ ಅಳಿಸಿಹೋಗತ್ತೆ, ದೀಪ ಆರತ್ತೆ. ರೋಗ ಮಾತ್ರ ಹೋಗಲ್ಲ. ಬರ್ಕೊಳ್ದೆ ಒತ್ತಬೇಡ," ಎಂದು ಮಗ ಹೇಳಿಕೊಟ್ಟಿದ್ದ.

ಇವತ್ತೊಂದು ದಿನ ಅವಳೂ ಕೈಚೆಲ್ಲಿ ನಿಲ್ಲಲಿ ಎಂದುಕೊಂಡರು. ಒತ್ತಿದರು.

ಸೊಸೆ ಬಂದು ಸ್ಕ್ಯಾನರ್ ಹಾಕಿ ನೋಡಿ ಹುಬ್ಬು ಗಂಟಿಕ್ಕಿದಳು. "ಕೋಡೇ ಇಲ್ವಲ್ಲ! ಮಾವ, ನೀವೇನಾದ್ರೂ ಅಳಿಸಿದ್ರಾ?"

"ನಿನ್ನ ಸಾಮಾನನ್ನ ನಾನ್ಯಾಕಮ್ಮ ಮುಟ್ಲಿ?"

ಮಾವನ ಮಾತಿಗೆ ಅವಳು ಎದುರಾಡುವವಳಲ್ಲ. ದೀಪ ತಾನಾಗಿ ಆರುವುದೂ ಉಂಟು. ಎರಡು ಕಿಲೋಮೀಟರ್ ಓಡಿಸಿ ನೋಡಿದಳು, ಏನೂ ಸಿಗಲಿಲ್ಲ. "ಯಾಕೋ ಮನಸ್ಸು ಒಪ್ತಿಲ್ಲ ನರ್ಸಮ್ಮ. ಒಂದು ದಿನ ಇಲ್ಲೇ ಬಿಟ್ಟುಹೋಗಿ."

"ಸೇತುವೆ ಆಚೆ ಇಬ್ಬರು ಹಸಿ ಬಾಣಂತಿಯರು ಕಾಯ್ತಿದಾರೆ ಕಣೆ."

ಮೇಸ್ತ್ರಿ ಬಾನೆಟ್ಟಿಗೆ ಕಿವಿಗೊಟ್ಟರು. ಸದ್ದು ನುಣ್ಣಗಿತ್ತು. "ಇಲ್ಲದ ರೋಗಕ್ಕೆ ಹಾಸಿಗೆ ಯಾಕೆ? ಧೈರ್ಯವಾಗಿ ಹೋಗ್ಬನ್ನಿ," ಎಂದು ನಕ್ಕರು.

ಮಧ್ಯಾಹ್ನ ಆ ಕಾರನ್ನು ಇನ್ನೊಂದು ಗಾಡಿ ಎಳೆದುಕೊಂಡು ಬಂತು. ಹಿಂಭಾಗ ನುಗ್ಗಾಗಿತ್ತು. ನರ್ಸಮ್ಮನ ಮೊಣಕೈಗೆ ಪಟ್ಟಿ.

"ಸೇತುವೆ ನಡುಮಧ್ಯ ನಿಂತುಬಿಡ್ತು! ಹಿಂದಿನ ಲಾರಿಯವನು ಪುಣ್ಯಾತ್ಮ, ಬ್ರೇಕ್ ಹೊಡೆದ, ಗುದ್ದಿದ್ದು ಇಷ್ಟಕ್ಕೇ ನಿಂತಿತು. ಇಲ್ದಿದ್ರೆ ನನ್ನ ಕಥೆ ಅಲ್ಲೇ ಮುಗೀತಿತ್ತು. ಏನು ನೋಡಿದೆ ನೀನು? ಊರೆಲ್ಲ ನಿನ್ನ ಹೊಗಳ್ಕೊಂಡು ತಿರುಗಿದ್ನಲ್ಲ!"

ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಯೊಬ್ಬ ಸುಮ್ಮನಿರಲಿಲ್ಲ. "ಗಂಡಸರ ಕೆಲಸ ಗಂಡಸರೇ ಮಾಡ್ಬೇಕು. ಇನ್ಮೇಲೆ ನೀವೇ ನೋಡಿ ಮೇಸ್ತ್ರಿ."

ಎರಡು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದಾಗ ಮೇಸ್ತ್ರಿ ಮುಖ ತಿರುಗಿಸಿಕೊಂಡರು.

ಸೊಸೆ ತುಟಿ ಬಿಗಿಹಿಡಿದು ಸ್ಕ್ಯಾನರ್ ಸಿಕ್ಕಿಸಿದಳು. ಕೋಡ್ ಮರಳಿ ಬಂದಿತ್ತು. ಮುಂದಿನ ಪುಟಕ್ಕೆ ಹೋದವಳ ಬೆರಳು ಅಲ್ಲೇ ನಿಂತಿತು. ಅವಳ ಭುಜದ ಮೇಲಿಂದ ಮೇಸ್ತ್ರಿ ಇಣುಕಿದರು. ಇಪ್ಪತ್ತೆರಡು, ಪಕ್ಕದಲ್ಲಿ ಕಿಲೋಮೀಟರಿನ ಗುರುತು. ಸೇತುವೆಗೆ ಇಪ್ಪತ್ತು, ಅವಳು ಓಡಿಸಿದ್ದು ಎರಡು. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆಯೆಂಬುದನ್ನೂ ಆ ಕಂಪ್ಯೂಟರು ಬರೆದಿಟ್ಟಿತ್ತು. ಅಂದರೆ ಅಳಿಸಿದ್ದು ಇದೇ ಗ್ಯಾರೇಜಿನಲ್ಲಿ.

ಸೊಸೆ ತಿರುಗಿ ಒಮ್ಮೆ ಅವರ ಮುಖ ನೋಡಿದಳು. ನರ್ಸಮ್ಮ ಹತ್ತಿರ ಬರುವಷ್ಟರಲ್ಲಿ ಆ ಪುಟ ಸರಿಸಿಬಿಟ್ಟಳು.

"ನನ್ನ ಕಣ್ತಪ್ಪು ನರ್ಸಮ್ಮ. ಕ್ಷಮಿಸಿ," ಎಂದು ಸ್ಕ್ಯಾನರಿನ ವೈರು ಸುತ್ತತೊಡಗಿದಳು. ಇನ್ನೆಂದೂ ಬಿಚ್ಚುವುದಿಲ್ಲ ಎನ್ನುವಂತೆ ಬಿಗಿಯಾಗಿ ಸುತ್ತುತ್ತಿದ್ದಳು.

ಬೆಳಿಗ್ಗೆ ಕೈಮುಗಿದದ್ದು ಮೇಸ್ತ್ರಿಗೆ ನೆನಪಾಯಿತು. ದೇವರು ನೋಡಿದ್ದ, ಈಗ ಈ ಹುಡುಗಿಯೂ ನೋಡಿದಳು. ನೋಡಿಯೂ ಸೆರಗಿನಿಂದ ಮುಚ್ಚಿದಂತೆ ಮುಚ್ಚಿದಳು.

"ಆ ಹಿಂದಿನ ಪುಟ ತೋರ್ಸಮ್ಮ."

"ಬೇಡ ಮಾವ. ಬಿಡಿ."

"ತೋರ್ಸು." ಅವರು ನರ್ಸಮ್ಮನ ಕಡೆ ತಿರುಗಿದರು. ಕಾಯುತ್ತಿದ್ದವರಿಗೂ ಕೇಳುವಂತೆ ಹೇಳಿದರು: "ಬೆಳಿಗ್ಗೆ ಕೋಡ್ ಇತ್ತು. ಅಳಿಸಿದ್ದು ನಾನು. ನೀವು ಇವಳನ್ನೇ ಕೇಳಿದ್ರಲ್ಲ, ಹೊಟ್ಟೆಕಿಚ್ಚು ತಡೀಲಿಲ್ಲ. ಇವಳು ಕೇಳಿದ್ದಕ್ಕೆ ಸುಳ್ಳೂ ಹೇಳಿದೆ. ನಿಮ್ಮ ಕೈಗೆ ಆದ ಪೆಟ್ಟು ನಂದು. ಗಾಡಿ ರಿಪೇರಿಯೂ ನಂದೇ."

ನರ್ಸಮ್ಮ ಪಟ್ಟಿ ಕಟ್ಟಿದ ಮೊಣಕೈ ಹಿಡಿದುಕೊಂಡು ಅವರತ್ತ ತಿರುಗಿದರು. "ನಲವತ್ತು ವರ್ಷದ ಮೇಸ್ತ್ರಿ ನೀವು..."

"ಅದೇ ತಲೆಗೇರಿತ್ತು ತಾಯಿ."

ಬೆಂಚಿನವನು ಚಪ್ಪಲಿ ನೋಡುತ್ತ ಕೂತ. ಸೊಸೆ ಸುತ್ತಿದ್ದ ವೈರನ್ನು ಮೆಲ್ಲಗೆ ಬಿಚ್ಚಿದಳು.

"ಇಂಜಿನ್ನಿನ ಸೆನ್ಸರಿಂದ ಸುದ್ದಿ ಬರೋದು ನಡುವೆ ನಡುವೆ ತಪ್ತಿದೆ, ಅಷ್ಟೇ ಇದು ಹೇಳೋದು. ಎಲ್ಲಿ ಅಂತ ಹೇಳಲ್ಲ. ಮಾವ, ಇಂಜಿನ್ ಓಡ್ತಿರೋವಾಗ ನೀವು ಒಂದೊಂದೇ ವೈರು ಅಲ್ಲಾಡ್ಸಿ. ನಾನು ಇಲ್ಲಿ ನೋಡ್ತೀನಿ."

ಮೇಸ್ತ್ರಿ ಬಗ್ಗಿದರು. ಮೂರನೆಯ ವೈರು ಮುಟ್ಟಿದಾಗ ಇಂಜಿನ್ ಒಂದು ಉಸಿರು ತಪ್ಪಿದ್ದು ಅವರ ಕಿವಿಗೆ ಬಿತ್ತು. ಅದೇ ಕ್ಷಣಕ್ಕೆ ಅವಳು ಕೂಗಿದಳು: "ಅಲ್ಲೇ!"

ಮೇಲೆ ಹೊದಿಕೆ ನೆಟ್ಟಗಿದ್ದು ಒಳಗೆ ತಂತಿ ಮುರಿದಿತ್ತು.

"ಬ್ಯಾಟರಿ ಬಿಚ್ಚೋಕೆ ಹತ್ತನೇ ನಂಬರ್ ಸ್ಪ್ಯಾನರ್ ಬೇಕಿತ್ತು, ಮಾವ."

ಮೇಸ್ತ್ರಿ ಜೇಬಿಗೆ ಕೈಹಾಕಿದರು. ಬೀಗ ತೆಗೆಯಲು ಹೋಗಲಿಲ್ಲ. ಕೀಲಿಯನ್ನೇ ಅವಳ ಅಂಗೈಯಲ್ಲಿಟ್ಟರು.

"ಇನ್ಮೇಲೆ ಬೇಕಾದಾಗ ನಾನೇ ಬಂದು ನಿನ್ನ ಕೇಳ್ತೀನಿ," ಎಂದರು. "ಸ್ವಲ್ಪ ಕಾಯಿಸು. ಪರವಾಗಿಲ್ಲ."