ರನ್‌ವೇ ಕಾಯುತ್ತಿದ್ದವನು

ಭುವನ್ ಕಲ್ಲೆತ್ತಿ ಗೇಟಿನ ಬೀಗಕ್ಕೆ ಮತ್ತೊಮ್ಮೆ ಬಡಿದ. ಬೀಗ ಜಗ್ಗಲಿಲ್ಲ. ಹಿಂದೆ ಚಟ್ಟದ ಮೇಲೆ ಅವನ ಅಪ್ಪ ನಂಜುಂಡ ಮಲಗಿದ್ದ. ಸ್ಮಶಾನ ರನ್‌ವೇಯ ಆಚೆ ಬದಿಗೆ, ಹತ್ತು ನಿಮಿಷದ ದಾರಿ. ರಸ್ತೆ ಹಿಡಿದರೆ ಎಂಟು ಕಿಲೋಮೀಟರು.

ಊರಿನವರು ದೂರ ನಿಂತು ನೋಡುತ್ತಿದ್ದರು. ಹೆಗಲು ಕೊಡಲು ಒಬ್ಬನೂ ಮುಂದೆ ಬರಲಿಲ್ಲ.

"ಕೀ ಎಲ್ಲಿಡ್ತಿದ್ದ ಅಣ್ಣ, ಅತ್ತಿಗೆ?" ವಡೋದರಾದಿಂದ ಬಂದಿದ್ದ ಮೈದುನ ಪದ್ಮನಾಭ ಕೇಳಿದ.

ಸುಮಿತ್ರಾ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡಳು. ಬೆಳಿಗ್ಗೆ ಗಂಡನ ಉಡಿದಾರದಿಂದ ಬಿಚ್ಚಿಕೊಂಡ ಕೀಗೊಂಚಲು ಅವಳ ಸೊಂಟದಲ್ಲೇ ಇತ್ತು.

"ಸುತ್ತಿಕೊಂಡು ಹೋಗಿ," ಮುದುಕ ಜೀವಾಭಾಯಿ ಗುಜರಾತಿಯಲ್ಲಿ ಕೂಗಿದ. "ನಮ್ಮ ಹೆಣಗಳು ಇಪ್ಪತ್ತು ವರ್ಷದಿಂದ ಹಾಗೇ ಹೋಗ್ತಿವೆ."

*

ಯುದ್ಧಕಾಲದಲ್ಲಿ ಬ್ರಿಟಿಷರು ಗುಜರಾತಿನ ಈ ಹಳ್ಳಿಯಲ್ಲಿ ಹಾಕಿಸಿದ ರನ್‌ವೇ ಅದು. ಎರಡೇ ವರ್ಷ ವಿಮಾನಗಳು ಇಳಿದವು. ಆಮೇಲೆ ಕಾಗೆ ಬಿಟ್ಟರೆ ಏನೂ ಇಳಿಯಲಿಲ್ಲ. ಆ ಕಾಂಕ್ರೀಟು ಕಾಯಲು ಸರ್ಕಾರ ಮಂಡ್ಯದ ನಂಜುಂಡನನ್ನು ಹಾಕಿತು. ಪುಣ್ಯಾತ್ಮ, ಗರ್ಭಗುಡಿ ಕಾದ ಹಾಗೆ ಕಾದ. ಒಣಹಾಕಿದ ಮೆಣಸಿನಕಾಯಿ ಒದ್ದ, ದನ ಹೊಡೆದಟ್ಟಿದ.

ಎಂಬತ್ತೊಂದರ ಮಳೆಗಾಲದಲ್ಲಿ ರಸ್ತೆ ಮುಳುಗಿತ್ತು. ಜೀವಾಭಾಯಿಯ ಸೊಸೆ ಲಕ್ಷ್ಮಿ ಹೆರಿಗೆ ನೋವಿನಿಂದ ಗಾಡಿಯಲ್ಲಿ ಒದ್ದಾಡುತ್ತಿದ್ದಳು. ಆಸ್ಪತ್ರೆಯೂ ಆಚೆ ಬದಿಗೇ.

"ತೆಗೀರಿ ಅಂದ್ರೆ! ಜೀವ ಹೋಗ್ತಿದೆ!" ಸುಮಿತ್ರಾ ಗಂಡನ ಕಾಲು ಹಿಡಿದಳು.

"ಸಾಹೇಬರ ಚೀಟಿ ತರಲಿ. ನನ್ನ ಕೆಲಸ ಹೋದ್ರೆ ನಿಮ್ಮಪ್ಪ ಅನ್ನ ಹಾಕ್ತಾನಾ?"

ಮಗು ಗಾಡಿಯಲ್ಲೇ ಹುಟ್ಟಿತು. ಅಳಲಿಲ್ಲ. ಅಂದಿನಿಂದ ಊರಿನ ಹೆಂಗಸರು ಸುಮಿತ್ರಾಳ ಜೊತೆ ಮಾತು ಬಿಟ್ಟರು. ಬಾವಿಯ ಹತ್ತಿರ ಅವಳು ಬಂದರೆ ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಹನ್ನೆರಡು ವರ್ಷ.

*

"ಭುವನ್, ಕಲ್ಲು ಕೆಳಗಿಡು. ಕೀ ನನ್ನ ಹತ್ರ ಇದೆ. ಕೊಡಲ್ಲ."

"ಪಾಗಲ್ ಆಗಿದ್ದೀಯಾ ಮಮ್ಮಿ? ಪಪ್ಪಾ ಇದು!"

"ಹೌದು ಕಣೋ. ಆ ಮಗು ಹೆಣಾನೂ ನೀರು ಹಾಯ್ದು ಸುತ್ತಿಕೊಂಡೇ ಹೋಯ್ತು. ಇವರೂ ಹೋಗಲಿ."

"ಥೂ, ಇವತ್ತಾದ್ರೂ ಸೇಡು ಬಿಡಬಾರ್ದಾ!" ಪದ್ಮನಾಭ ಉಗಿದ. ಭುವನ್, ಅವನು, ಅವನ ಜೊತೆ ಬಂದಿದ್ದ ಬ್ಯಾಂಕಿನ ಇಬ್ಬರು ಸಹೋದ್ಯೋಗಿಗಳು ಸೇರಿ ನಾಲ್ವರು ಚಟ್ಟ ಎತ್ತಿ ಬಿಸಿಲಿನ ರಸ್ತೆ ಹಿಡಿದರು.

ಅವರು ಕಣ್ಮರೆಯಾದ ಮೇಲೆ ಸುಮಿತ್ರಾ ಬೀಗ ತೆಗೆದು ಕೊಂಡಿಗೆ ನೇತುಹಾಕಿದಳು. ಗೇಟನ್ನು ಪೂರ್ತಿ ತಳ್ಳಿ ರನ್‌ವೇ ಮೇಲೆ ನಿಂತಳು.

"ಬನ್ನಿ, ಇನ್ನು ಯಾರೂ ತಡೆಯಲ್ಲ," ಎಂದು ಊರಿನ ಹೆಂಗಸರನ್ನು ಕರೆದಳು. ಒಬ್ಬಳಾದರೂ ಅಕ್ಕ ಅನ್ನುವ ಹಾಗೆ 'ಸುಮಿತ್ರಾಬೆನ್' ಎಂದು ಕರೆದರೆ ಸಾಕಾಗಿತ್ತು.

ಗುಂಪಿನಿಂದ ಲಕ್ಷ್ಮಿ ಬಂದಳು. ಸುಮಿತ್ರಾ ಎರಡೂ ಕೈ ಚಾಚಿದಳು.

ಲಕ್ಷ್ಮಿ ಅವಳ ಮುಖ ನೋಡಲಿಲ್ಲ. ಹೊರಗಿನಿಂದಲೇ ಗೇಟನ್ನು ಎಳೆದು ಮುಚ್ಚಿ, ಬೀಗ ಸಿಕ್ಕಿಸಿ, ಅಂಗೈಯಿಂದ ಒತ್ತಿದಳು.