ಕೋಟೆ ಬಾಗಿಲು ತೆರೆದ ಸರದಾರ

ಆ ವರ್ಷ ದಸರೆಗೆ ಮುಂಚೆ ಒಂದು ತಿಂಗಳು ನಮ್ಮ ಮಾವ ಈರಪ್ಪನವರಿಗೂ ನನಗೂ ದಿನಾ ಜಗಳ. ಆಸ್ತಿಗಲ್ಲ, ಅಡುಗೆಗಲ್ಲ, ಕಂಪ್ಯೂಟರ್ ಆಟದಲ್ಲಿ ಬರುವ ಒಬ್ಬ ಸರದಾರನಿಗಾಗಿ. ಕೇಳಿದವರು ನಗಲಿ, ನನಗೇನು. ನಮ್ಮ ಮನೆಯವರಂತೂ "ಅಪ್ಪಗೂ ನಿನಗೂ ಇಬ್ಬರಿಗೂ ತಲಿ ಕೆಟ್ಟೈತಿ ಮಹಾದೇವಿ" ಎಂದು ಎದ್ದು ಹೋಗಿಬಿಡುತ್ತಿದ್ದರು.

ರಾಣೆಬೆನ್ನೂರಿನಿಂದ ಪೀಣ್ಯಕ್ಕೆ ಬಂದ ಮೇಲೆ ಮುಂದಿನ ಕೋಣೆಯಲ್ಲಿ ನಾನು ಡಿಟಿಪಿ ಅಂಗಡಿ ಹಾಕಿದ್ದೆ. ಮದುವೆ ಕಾರ್ಡು, ಕಾರ್ಖಾನೆಗಳ ಲೇಬಲ್ಲು, ಇಂಥವೇ ಕೆಲಸ. ತೊಂಬತ್ತೆಂಟರಲ್ಲಿ ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿ ಆ ಆಟ ಇತ್ತು. ಕೋಟೆ, ರಾಣಿ, ಬೆಂಕಿ ಉಗುಳುವ ಹಕ್ಕಿ, ರಾಕ್ಷಸರ ದಂಡು. ಸಂಜೆ ಅಂಗಡಿ ಮುಚ್ಚಿದ ಮೇಲೆ ನಾನು ಆಡುತ್ತ ಇಂಗ್ಲಿಷ್ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಮಾವ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಮೌಸ್ ಹಿಡಿಯಿರಿ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. "ಬ್ಯಾರೆಯವರ ಮಷೀನಿಗೆ ನಾ ಕೈ ಹಾಕಂಗಿಲ್ಲವಾ" ಎನ್ನುತ್ತಿದ್ದರು.

ಪರದೆಯ ಮೇಲೆ ಆ ಖಳನಿಗೆ ಬಾಯಿ ತಿರುಗದ ಹೆಸರಿತ್ತು. ನಮ್ಮ ಪಾಲಿಗೆ ಅವನು ಸರದಾರ. ಇಪ್ಪತ್ತು ವರ್ಷ ಕೋಟೆಯ ಹೆಬ್ಬಾಗಿಲು ಕಾದವನು. ಯುದ್ಧ ಗೆದ್ದ ದಿನ ರಾಣಿ ಎಲ್ಲರೆದುರು ಬಾಗಿಲಲ್ಲಿ ಊದುವ ಗೌರವದ ಕಹಳೆಯನ್ನು ಅವನಿಗೆ ಕೊಡದೆ, ನಿನ್ನೆ ಮೊನ್ನೆ ಬಂದ ತನ್ನ ತಮ್ಮನಿಗೆ ಕೊಟ್ಟಳು. ಅವತ್ತೇ ರಾತ್ರಿ ಸರದಾರ ರಾಕ್ಷಸರ ದಂಡಿಗೆ ಬಾಗಿಲು ತೆರೆದ. ಆಟದುದ್ದಕ್ಕೂ ಅವನನ್ನು ಹುಡುಕಿಕೊಂಡು ಹೋಗಬೇಕು. ಕೈಗೆ ಸಿಕ್ಕಾಗ ಕೊಲ್ಲಬೇಕೋ ಬಿಡಬೇಕೋ ಎಂದು ಆಟವೇ ಕೇಳುತ್ತದೆ.

"ಇದನ್ನ ಬರದಾವಗ ಬುದ್ಧಿ ಇಲ್ಲ" ಎಂಬುದು ಮಾವನ ವಾದ. "ಇಪ್ಪತ್ತ ವರ್ಷ ಕಾಯ್ದಾಂವ ಒಂದ ರಾತ್ರ್ಯಾಗ ಬಾಗಲಾ ತಗಿತಾನ? ಒಂದ ಕಹಳಿ ಸಲುವಾಗಿ? ನಂಬೂ ಮಾತಲ್ಲ."

"ಕಹಳಿ ಸಲುವಾಗಿ ಅಲ್ರಿ ಮಾವಾರ. ನಾಕ ಮಂದಿ ಮುಂದ ಮಾನ ತಗದ್ಲಲ್ಲ, ಅದಕ್ಕ. ಸರೀನ ಮಾಡ್ಯಾನ. ನಾ ಆಗಿದ್ರ ರಾತ್ರಿ ತನಕಾನೂ ಕಾಯ್ತಿದ್ದಿಲ್ಲ."

"ನೀ ಭಾಳ ಸಿಟ್ಟಿನಾಕಿ ಬಿಡು."

ಸಿಟ್ಟಿನವಳು ಹೌದು. ಆದರೆ ನಾನು ಸರದಾರನ ವಕೀಲಿ ಮಾಡಿದಷ್ಟೂ ಮಾವನ ಕಿವಿ ಕೆಂಪಾಗುವುದನ್ನು ನೋಡುವುದು ನನಗೊಂದು ಖುಷಿ. ತವರಿನಲ್ಲಿ ನನ್ನ ಮಾತಿಗೆ ಇಷ್ಟು ಹೊತ್ತು ಎದುರು ಕೂತವರು ಯಾರೂ ಇರಲಿಲ್ಲ.

ಆ ಕೊನೆಯ ಪ್ರಶ್ನೆಗೆ ಬಂದು ನಿಂತದ್ದು ಆಯುಧಪೂಜೆಯ ಹಿಂದಿನ ಸಂಜೆ. ಕೊಲ್ಲುವುದೋ ಬಿಡುವುದೋ ತೀರ್ಮಾನವಾಗದೆ ಹಾಗೇ ನಿಲ್ಲಿಸಿದೆವು. ಪೂಜೆಯ ದಿನ ಯಾವ ಮಷೀನೂ ಓಡಬಾರದು. ಬೆಳಿಗ್ಗೆ ಮಾವ ಮಾನಿಟರಿಗೆ ಮೂರು ಬೆರಳು ವಿಭೂತಿ ಎಳೆದು, ಚೆಂಡುಹೂವು ಹಾಕಿದರು. ಪೂಜೆಗೆ ಮುಟ್ಟಬಹುದಂತೆ. ಆಮೇಲೆ ನಿಂಬೆಹಣ್ಣು ಹಿಡಿದು "ಇದಕ್ಕ ಗಾಲಿ ಎಲ್ಲೈತಿ?" ಎಂದರು. ಉರುಳುವುದೆಂದರೆ ಮೌಸಿನ ಹೊಟ್ಟೆಯ ಗುಂಡೊಂದೇ ಎಂದು ತಮಾಷೆಗೆ ಹೇಳಿದೆ. ಅವರು ಅದರ ಕೆಳಗೆ ಹಣ್ಣಿಟ್ಟು, ಲಾರಿ ಹತ್ತಿಸಿದ ಹಾಗೆ ಅಂಗೈಯಿಂದ ಒತ್ತಿಯೇಬಿಟ್ಟರು. ರಸವೆಲ್ಲ ಒಳಗೆ. ಬೈಯಲು ಬಾಯಿ ತೆರೆದವಳು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಲ್ಲಿಂದ ಅವರು ಹೊಸ ಬಿಳಿ ಅಂಗಿ ಹಾಕಿಕೊಂಡು ಸೊಣ್ಣಪ್ಪನವರ, ತಗಡು ಒತ್ತುವ ಪ್ರೆಸ್ ಶೆಡ್ಡಿಗೆ ಹೋದರು. ಅಲ್ಲಿ ಅವರು ಫೋರ್‌ಮನ್. ಶೆಡ್ಡು ಶುರುವಾದಂದಿನಿಂದ ಪೂಜೆಯ ಬೂದುಗುಂಬಳಕಾಯಿ ಒಡೆಯುವುದು ಅವರೇ. ಮಧ್ಯಾಹ್ನ ಊಟ ಮುಗಿಸಿ ಬರಬೇಕಾದವರು ಬೇಗ ಬಂದು, ಕಡ್ಲೆಪುರಿ ಪೊಟ್ಟಣ ಮೇಜಿನ ಮೇಲೆ ಎಸೆದರು.

"ಕುಂಬಳಕಾಯಿ ಅಳಿಯನ ಕೈಯಾಗ ಕೊಟ್ಟ ಸೊಣ್ಣಪ್ಪ. ಹೋದ ತಿಂಗಳ ಬಂದಾನ ಅಂವ. ನಾ ಕೈ ಚಾಚಿದ್ದೆ. ಹುಡುಗರೆಲ್ಲಾ ನನ್ನ ಮಾರಿನ ನೋಡಾಕತ್ತಿದ್ರು."

ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದಿಟ್ಟರು. "ನಾಳಿ ಷಟರ್ ಎತ್ತಂಗಿಲ್ಲ. ಮಾದನಾಯಕನಹಳ್ಳ್ಯಾಗ ಹೊಸಾ ಶೆಡ್ಡಿನಾವ್ರು ಕರದಾರ. ಪ್ರೆಸ್ಸಿನ ಹುಡುಗರನ್ನೆಲ್ಲಾ ಕರಕೊಂಡ ಹೊಕ್ಕೇನಿ. ಲೋಡ್ ಹೆಂಗ ಹೋಗ್ತೈತಿ ನೋಡೂಣು."

ಮರುದಿನ ಹಬ್ಬವಿದ್ದರೂ ಲೋಡು ಹೋಗಲೇಬೇಕು; ಹೋಗದಿದ್ದರೆ ಆರ್ಡರು ಹೋಗುತ್ತದೆ, ಆರ್ಡರು ಹೋದರೆ ಆ ಸಣ್ಣ ಶೆಡ್ಡು ಮುಚ್ಚುತ್ತದೆ. ಮಾವನೇ ಮೊನ್ನೆ ಹೇಳಿದ್ದರು. ಸೊಣ್ಣಪ್ಪನ ಮನೆಗೆ ಹೋಗಿ ಚೆನ್ನಾಗಿ ಉಗಿದು ಬರೋಣ ಅನ್ನಿಸಿತು ನನಗೆ.

ಆದರೂ "ನೀವ ಹಿಂಗ ಮಾಡೂದು ಸರಿ ಅಲ್ರಿ ಮಾವಾರ" ಎಂದೆ.

"ಯಾಕ? ಸರದಾರ ಸರೀನ ಮಾಡ್ಯಾನ ಅಂತ ನೀನ ಅಂದಿದ್ದಿ. ರಾತ್ರಿ ತನಕಾನೂ ಕಾಯ್ತಿದ್ದಿಲ್ಲ ಅಂದಾಕಿ ನೀನ ಅಲ್ಲೇನು?"

ಆಟ ಎಂದುಕೊಂಡು ಆಡಿದ ಮಾತನ್ನು ಇವರು ಎದೆಯಲ್ಲಿ ಇಟ್ಟುಕೊಂಡಿದ್ದರು. ನನಗೆ ಹೆದರಿಕೆಯಾಯಿತು. ನಾಲ್ಕು ದಿನ ಕಳೆದು ಸಿಟ್ಟು ಇಳಿದ ಮೇಲೆ ಇವರು ತಮ್ಮನ್ನು ತಾವೇ ಕ್ಷಮಿಸಿಕೊಳ್ಳಲಾರರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಒಂದ ಕೇಳ್ತೇನಿ, ಹೇಳ್ರಿ" ಎಂದೆ. "ಬಾಗಲಾ ತಗದ ಮ್ಯಾಲ ರಾಣಿಗೆ ಏನಾತು?"

"ಏನೂ ಆಗಲಿಲ್ಲ. ಗೋಪುರದಾಗ ಇದ್ಲು."

"ಮತ್ತ ಸತ್ತಾವ್ರು ಯಾರು?"

ಮಾವ ಬೀಗದ ಕೈಯನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದರು.

"ಬಾಗಲಾ ಕಾಯೋ ಹುಡುಗರು ಸತ್ರು. ಅವನ ಕೈಯಾಗ ಕಲತ ಹುಡುಗರು. ಹೊಸಾ ಶೆಡ್ಡಿನಾಗ ಪ್ಯಾಕಿಂಗಿಗೆ ಹೆಣ್ಣಾಳ ಬ್ಯಾಡ ಅಂದಾರಂತ ನೀವ ಹೇಳಿದ್ರಿ. ದುರ್ಗವ್ವ ಎಲ್ಲಿ ಹೋಗಬೇಕು? ಅಂಜಿನಮ್ಮ? ನೀವ ಕರದು ಕೆಲಸಾ ಕೊಡಿಸಿದಾವ್ರು ಅವರು. ಸೊಣ್ಣಪ್ಪಗ ಎರಡ ಸೈಟ್ ಅದಾವು, ಅವನ ಕೂದಲೂ ಕೊಂಕಂಗಿಲ್ಲ. ಸರದಾರ ಮಾಡಿದ್ದ ನಂಬಬಹುದು ಮಾವಾರ. ಆದ್ರ ಅದು ಸರಿ ಅಂತ ನಾ ಅಂದದ್ದು ತಪ್ಪಾತು."

ಅವರು ಎದ್ದು ಒಳಗೆ ಹೋದರು.

ಬೆಳಿಗ್ಗೆ ನಾನು ಅಂಗಳ ಗುಡಿಸಿ ಬರುವಷ್ಟರಲ್ಲಿ ಸ್ನಾನ ಮಾಡಿ ಸ್ಟೂಲಿನ ಮೇಲೆ ಕೂತಿದ್ದರು. "ಚಾಲೂ ಮಾಡವಾ" ಎಂದರು. ನಿಂಬೆರಸ ಒಣಗಿ ಮೌಸು ಅಲುಗುತ್ತಿರಲಿಲ್ಲ. ಕೇಳದೇ ಕೈಗೆ ತೆಗೆದುಕೊಂಡು, ಗುಂಡು ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ ಕೂರಿಸಿದರು. ಪರದೆಯ ಮೇಲೆ ಸರದಾರ ಮಂಡಿಯೂರಿ ಕೂತಿದ್ದ.

"ಕೊಲ್ಲೂದು ಯಾವುದು?"

ತೋರಿಸಿದೆ. "ಬಿಟ್ಟುಬಿಡ್ರಿ ಮಾವಾರ, ಪಾಪ."

"ಪಾಪ ಖರೇನ" ಎನ್ನುತ್ತ ತಾವೇ ಒತ್ತಿದರು. ಸರದಾರ ಮಗ್ಗುಲಿಗೆ ಬಿದ್ದ. ಮಾವನ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ.

ಅವರು ಬೀಗದ ಕೈ ಜೇಬಿಗೆ ಹಾಕಿಕೊಂಡರು. "ಷಟರ್ ಎತ್ತಿ, ಲೋಡ್ ಕಳಸಿ, ಆಮ್ಯಾಲ ಸೊಣ್ಣಪ್ಪನ ಮುಂದ ನಿಂತು ಹೇಳ್ತೇನಿ, ಹಿಂಗ ಮಾಡಬಾರದಿತ್ತು ಅಂತ. ಆ ಸರದಾರಗ ಬಾಯಿ ಇದ್ದಿಲ್ಲೇನು?"

ಚಪ್ಪಲಿ ಮೆಟ್ಟುತ್ತ ಒಂದು ಗಳಿಗೆ ನಿಂತರು.

"ನೀ ಗೆದ್ದಿ ಬಿಡವಾ. ಅದನ್ನ ಬರದಾಂವ ಶ್ಯಾಣ್ಯಾ ಅದಾನ, ನಂಬೂ ಹಂಗ ಬರದಾನ. ನಿನ್ನೆ ಮಲಗೂ ತನಕಾ ಅಂವ ನಾನ ಆಗಿದ್ದೆ."

ಬುತ್ತಿ ಕಟ್ಟಿಲ್ಲ, ತಡೀರಿ ಎಂದು ಒಳಗೆ ಓಡಿದೆ.