ಹೌದು ಅಥವಾ ಆಮೇಲೆ

ಮಧ್ಯಾಹ್ನ ಸುದ್ದಿತಾಣದಲ್ಲಿ ಎರಡು ಸಾಲು ಬಂತು: ಇಂಚಿಯಾನ್‌ನ ನಮ್ಮ ವಸತಿ ಸಮುಚ್ಚಯದ ತಾಕ್ ಎಂಬ ಮಹಿಳೆ, ಐವತ್ತೆಂಟು ವರ್ಷ, ಬಸ್ ನಿಲ್ದಾಣದಲ್ಲಿ ಕುಸಿದು ನಿಧನ. ನಮ್ಮ ಕೊರಿಯಾದ ಪತ್ರಿಕೆಗಳು ಪೂರ್ತಿ ಹೆಸರು ಹಾಕುವುದಿಲ್ಲ. ಮನೆತನದ ಹೆಸರು, ವಯಸ್ಸು, ಅಷ್ಟೇ. ಆದರೆ ಇಲ್ಲಿನ ಎಂಟುನೂರು ಮನೆಗಳಲ್ಲಿ ತಾಕ್ ಎಂಬವರು ಒಬ್ಬರೇ, ಏಳನೇ ಮಹಡಿಯ ಮಿರಾಂಗ್ ಅಕ್ಕ.

ನಾನು ಸಮುಚ್ಚಯದ ಕಚೇರಿಯ ಗುಮಾಸ್ತೆ. ಹೊಸದಾಗಿ ಹಾಕಿಸಿದ ಕಂಪ್ಯೂಟರ್ ವ್ಯವಸ್ಥೆ ಆ ಸುದ್ದಿಯನ್ನು ತಾನೇ ಹೆಕ್ಕಿ ತಂದು ಪರದೆಯ ಮೇಲೆ ಕೇಳಿತು: 'ನಿವಾಸಿ ತೀರಿಕೊಂಡಿದ್ದಾರೆ. ದಾಖಲಿಸಲೇ?' ಕೆಳಗೆ ಎರಡೇ ಗುಂಡಿ, 'ಹೌದು' ಮತ್ತು 'ಆಮೇಲೆ'. ವ್ಯವಸ್ಥೆ ಮಾಡಿದವರು 'ಇಲ್ಲ' ಎಂಬ ಗುಂಡಿ ಇಡುವುದನ್ನೇ ಮರೆತಿದ್ದರು. ಮೂರು ಸಲ 'ಆಮೇಲೆ' ಒತ್ತಿದೆ. ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೆಲಸ ಬಾಕಿ ಉಳಿಸುತ್ತಿದ್ದೇನೆಂಬ ಅಳುಕಿನಲ್ಲಿ ನಾಲ್ಕನೇ ಸಲ 'ಹೌದು' ಒತ್ತಿಬಿಟ್ಟೆ.

ಅರ್ಧ ಗಂಟೆಯಲ್ಲಿ ಮಿರಾಂಗ್ ಅಕ್ಕ ಈರುಳ್ಳಿ ಸೊಪ್ಪಿನ ಚೀಲ ಹಿಡಿದು ಕಚೇರಿಯ ಗಾಜಿನ ಬಾಗಿಲು ಬಡಿದರು.

"ಏನೇ ಸುಕ್ಯೊಂಗ್, ನನ್ನ ಮನೆ ಬಾಗಿಲು ನನ್ನ ಮುಖಾನೇ ಗುರುತು ಹಿಡೀತಿಲ್ಲ! ಅಂಥೋರು ಯಾರೂ ಇಲ್ಲ ಅಂತಿದೆ. ಒಲೆ ಮೇಲೆ ಮೂಳೆ ಸಾರು ಇಟ್ಟು ಬಂದಿದೀನಿ ಕಣೇ. ತಳ ಹತ್ತಿ ಮನೆ ಹೊತ್ಕೊಂಡ್ರೆ?"

"ಅಕ್ಕಾ, ನೀವು... ತೀರ್ಕೊಂಡಿದೀರಿ ಅಂತ ಬಂದಿದೆ."

"ಹೌದಾ? ನಂಗೆ ಯಾರೂ ಹೇಳ್ಲೇ ಇಲ್ಲ ನೋಡು."

ಅಳಿಸಲು ಹೋದೆ. 'ಮೂಲ ಸುದ್ದಿ ಬದಲಾಗದೆ ದಾಖಲೆ ಬದಲಾಗದು' ಎಂದಿತು. ಸುದ್ದಿಯ ಕೆಳಗೆ ನಂಬರ್ ಕೊಟ್ಟಿದ್ದ ವರದಿಗಾರನಿಗೆ ಫೋನ್ ಮಾಡಿದೆ.

"ಸುದ್ದಿ ತಪ್ಪಾಗಿದೆ ಸರ್. ತಾಕ್ ಅವರು ನನ್ನೆದುರೇ ನಿಂತಿದಾರೆ."

"ಸರಿ ಸರಿ, ತಿದ್ತೀನಿ. ನಿಮ್ಮ ಹೆಸರು? ವಯಸ್ಸು?" ಅವನು ಏನನ್ನೋ ಅಗಿಯುತ್ತಿದ್ದ.

"ಪ್ಯೊ ಸುಕ್ಯೊಂಗ್. ನಲವತ್ತಾರು. ಇಲ್ಲಿನ ಕಚೇರಿಯವಳು."

ಫೋನ್ ಇಟ್ಟಾಗ ಅಕ್ಕ ನನ್ನನ್ನೇ ನೋಡುತ್ತಿದ್ದರು.

"ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಯಾರೋ ಬಿದ್ರು. ನೋಡಿದ್ದು ಹೇಳಿ ಅಂತ ಒಬ್ಬ ವರದಿಗಾರ ಬಂದಿದ್ದ. ನನ್ ಹೆಸರು, ವಯಸ್ಸು ಹೀಗೇ ಬರ್ಕೊಂಡ."

ಮತ್ತೆ ಫೋನ್ ಮಾಡಿದೆ. ಕಾಯಿಸುವ ಸಂಗೀತವಷ್ಟೇ ಕೇಳಿಸಿತು. ಅಷ್ಟರಲ್ಲಿ ಸುದ್ದಿ ಬದಲಾಯಿತು: 'ತಿದ್ದುಪಡಿ: ಮೃತರು ಪ್ಯೊ ಎಂಬ ಮಹಿಳೆ, ನಲವತ್ತಾರು ವರ್ಷ, ಸಮುಚ್ಚಯದ ಕಚೇರಿ ಸಿಬ್ಬಂದಿ.'

ಅಕ್ಕನ ಫೋನ್ ಸದ್ದು ಮಾಡಿತು. 'ಸ್ವಾಗತ, ತಾಕ್ ಮಿರಾಂಗ್ ಅವರೇ.'

"ಅಯ್ಯೋ, ಸಾರು!" ಎಂದು ಅವರು ಓಡಿದರು. ಗಾಜಿನ ಬಾಗಿಲು ಅವರ ಹಿಂದೆ ತಾನೇ ಮುಚ್ಚಿಕೊಂಡಿತು.

ಪರದೆ ನನ್ನ ಹೆಸರು ತೋರಿಸಿ ಅದೇ ಪ್ರಶ್ನೆ ಕೇಳಿತು. 'ಆಮೇಲೆ' ಒತ್ತಿದೆ. ಮತ್ತೆ ಕೇಳಿತು, ಮತ್ತೆ ಒತ್ತಿದೆ. ಎಷ್ಟು ಸಲವೋ ಗೊತ್ತಿಲ್ಲ. ಒಮ್ಮೆ, ನಾನು ಒತ್ತುವ ಮೊದಲೇ, ಪ್ರಶ್ನೆ ಮಾಯವಾಯಿತು. ಮುಖ್ಯ ಕಚೇರಿಯಲ್ಲೂ ಅದು ಮೂಡಿರಬೇಕು. ಅಲ್ಲಿ ನನ್ನಂಥವರೇ ಯಾರೋ ಕೆಲಸ ಬಾಕಿ ಉಳಿಸದೆ ಮುಗಿಸಿದ್ದರು.

'ಕಚೇರಿಯಲ್ಲಿ ಯಾರೂ ಇಲ್ಲ' ಎಂದಿತು ಛಾವಣಿಯ ದನಿ. 'ದೀಪ ಆರಿಸಲಾಗುತ್ತಿದೆ.'

"ನಾನಿದೀನಿ" ಎಂದೆ. ದೀಪ ಆರಿತು. ಬಾಗಿಲು ನೂಕಿದೆ, ಕದಲಲಿಲ್ಲ.

ಗಾಜಿನಾಚೆ ಐದನೇ ಮಹಡಿಯ ದಂಪತಿ ಬಂದು ನಿಂತರು. ಕೈಯಲ್ಲಿ ಫೋನ್, ಮುಖದಲ್ಲಿ ದುಃಖ. ನಾನು ಎರಡೂ ಕೈಯಿಂದ ಗಾಜು ಬಡಿದೆ. ಅವರು ನನ್ನತ್ತಲೇ ತಿರುಗಿ, ಮಂಡಿಯೂರಿ ಅಂಗೈ ನೆಲಕ್ಕಿಟ್ಟು ನಮಸ್ಕರಿಸಿದರು.

ಬದುಕಿರುವವರಿಗೆ ನಾವು ಹಾಗೆ ಬಾಗುವುದು ಒಂದೇ ಸಲ, ಸತ್ತವರಿಗೆ ಎರಡು ಸಲ. ಅವರು ಎದ್ದು ನಿಂತರು. ಗಾಜಿಗೆ ಅಂಗೈ ಒತ್ತಿ ಕಾದೆ.

ಇಬ್ಬರೂ ಮತ್ತೆ ಮಂಡಿಯೂರಿದರು.